ಮಲಗಲಾಗದ ಅಕ್ಕನ ಬಲಗಾಲು

ಕಿಟಕಿ ಪಕ್ಕದ ಹಾಸಿಗೆಯ ಅಕ್ಕ ಅಂದು ಬೆಳಿಗ್ಗೆ ನನ್ನನ್ನು ಕಂಡ ಕೂಡಲೇ ಎರಡು ಬೆರಳೆತ್ತಿ ತೋರಿಸಿದರು. ಮುಖದ ತುಂಬ ನಗು.

"ತಮ್ಮಾ, ಎರಡ ದಿಂಬಿನ ಮ್ಯಾಲ ನಿದ್ದಿ ಬಂತ ನೋಡು! ಕುಂತಕೊಂಡ ಅಲ್ಲ, ಒರಗಿ ಮಕ್ಕೊಂಡಿದ್ದೆ."

ಹೃದ್ರೋಗ ವಾರ್ಡಿನಲ್ಲಿ ಕೆಲಸ ಮಾಡುವವರಿಗೆ ಈ ಮಾತಿನ ಬೆಲೆ ಗೊತ್ತು. ಹೃದಯ ಸೋತು ಶ್ವಾಸಕೋಶದಲ್ಲಿ ನೀರು ತುಂಬಿದವರು ಬೆನ್ನು ಚಾಚಿ ಮಲಗಲಾರರು. ಮಲಗಿದರೆ ಮುಳುಗಿದಂತಾಗುತ್ತದೆ. ಅಕ್ಕ ನಮ್ಮಲ್ಲಿಗೆ ಬಂದ ದಿನ ದಿಂಬಿನ ರಾಶಿಯನ್ನು ತಬ್ಬಿಕೊಂಡು, ಮುಂದಕ್ಕೆ ಬಾಗಿ, ಬಾಯಿ ತೆರೆದು ಉಸಿರು ಹುಡುಕುತ್ತಿದ್ದರು. ಅಲ್ಲಿಂದ ಎರಡು ದಿಂಬಿಗೆ ಇಳಿದಿದ್ದಾರೆಂದರೆ ನಮ್ಮ ಔಷಧಿ, ನಮ್ಮ ಕಾವಲು ಎರಡೂ ಫಲ ಕೊಟ್ಟಿವೆ ಎಂದರ್ಥ. ನಾನೂ ಎರಡು ಬೆರಳೆತ್ತಿ ತೋರಿಸಿದೆ.

ನಾನು ಜಯನಗರದ ಆ ಆಸ್ಪತ್ರೆಯಲ್ಲಿ ನರ್ಸ್. ಗಂಡಸಾದ್ದರಿಂದ ಎಲ್ಲರ ಬಾಯಲ್ಲಿ 'ಬ್ರದರ್'. ಅಕ್ಕ ಮಾತ್ರ ಮೊದಲ ದಿನದಿಂದಲೂ ತಮ್ಮಾ ಎಂದೇ ಕರೆದರು. ಬಾಗಲಕೋಟೆ ಕಡೆಯವರು. ಬಿಟಿಎಂ ಲೇಔಟಿನ ಬಾಡಿಗೆ ಮನೆಯಲ್ಲಿ ಜೋಳದ ರೊಟ್ಟಿ ಮಾಡಿ ಸುತ್ತಮುತ್ತಲ ಮೆಸ್ಸುಗಳಿಗೆ, ಪಿಜಿಗಳಿಗೆ ಕೊಡುತ್ತಿದ್ದರು. ಅವರ ಯಜಮಾನರು ರೊಟ್ಟಿ ಕಟ್ಟುಗಳನ್ನು ಸ್ಕೂಟರಿನಲ್ಲಿ ಮುಟ್ಟಿಸುತ್ತಿದ್ದರು. ಚಿಕ್ಕಂದಿನಲ್ಲಿ ಬಂದ ಒಂದು ಜ್ವರ ಅಕ್ಕನ ಹೃದಯದ ಕವಾಟವನ್ನು ಕೆಡಿಸಿತ್ತು. ಅದರ ಬಾಯಿ ವರ್ಷವರ್ಷಕ್ಕೂ ಕಿರಿದಾಗುತ್ತ ಬಂದು, ಹಿಂದಿನ ಕೋಣೆಯಲ್ಲಿ ರಕ್ತ ನಿಂತು, ಬಡಿತದ ಲಯ ತಪ್ಪಿತ್ತು. ಮೊದಲ ದಿನದ ಸ್ಕ್ಯಾನಿನಲ್ಲಿ ಆ ಕೋಣೆಯ ಮೂಲೆಯಲ್ಲಿ ರಕ್ತದ ಹೆಪ್ಪೊಂದು ಕಂಡಿತ್ತು. ರಕ್ತ ತೆಳುವಾಗಿಸುವ ಇಂಜೆಕ್ಷನ್ ಅಂದೇ ಶುರುವಾಯಿತು. ಆದರೆ ಹೆಪ್ಪು ಕರಗಲು ವಾರಗಳೇ ಬೇಕು.

ನಮ್ಮ ಹೃದ್ರೋಗ ತಜ್ಞರು ಅಂದೇ ಹೇಳಿಬಿಟ್ಟಿದ್ದರು: "ಈ ಹೆಪ್ಪಲ್ಲಿ ಒಂದ್ ಚೂರು ಕಿತ್ಕೊಂಡು ಹೋದ್ರೂ ಕಷ್ಟ. ಮಾತು ತೊದಲಿದ್ರೆ, ಬಾಯಿ ಸೊಟ್ಟಗಾದ್ರೆ, ಕೈಯೋ ಕಾಲೋ ತಣ್ಣಗಾದ್ರೆ ನನಗೆ ತಕ್ಷಣ ಹೇಳ್ಬೇಕು. ಕಾಯೋದು ಬೇಡ."

ಹಾಗಾಗಿ ಪಾಳಿ ಶುರುವಾದಾಗಲೆಲ್ಲ ಅಕ್ಕನ ಹತ್ತಿರ ನನ್ನದೊಂದು ಸುತ್ತು ಇರುತ್ತಿತ್ತು. ನಗಿಸುವುದು, ಎರಡು ಕೈಯಿಂದಲೂ ನನ್ನ ಬೆರಳನ್ನು ಹಿಸುಕಿಸುವುದು, ಆಮೇಲೆ ಪಾದದ ನಾಡಿ. ಹೆಬ್ಬೆರಳ ಹಿಂದೆ ಪಾದದ ಬೆನ್ನ ಮೇಲೊಂದು, ಕಣಕಾಲಿನ ಒಳಬದಿಯ ಗಂಟಿನ ಹಿಂದೊಂದು. ಅಂದು ಬೆಳಿಗ್ಗೆ ನಾಲ್ಕೂ ಕಡೆ ನಾಡಿ ಸಿಕ್ಕಿತು. ಲಯವಿಲ್ಲದ ಬಡಿತ, ಆದರೆ ಗಟ್ಟಿ. ಪಾದಗಳು ಬೆಚ್ಚಗಿದ್ದವು.

"ದಿನಾ ಕಾಲ ಮುಟ್ಟತಿ, ನನಗ ನಾಚಿಕಿ ಬರತೈತಿ," ಎಂದರು ಅಕ್ಕ.

"ನಾಚಿಕೆ ಆಮೇಲೆ ಪಟ್ಕೊಳಿ ಅಕ್ಕ. ಉಪ್ಪಿಟ್ಟು ಬಂದಿದೆ, ತಿನ್ನಿ."

ನಾನು ಪಕ್ಕದ ಹಾಸಿಗೆಯವರಿಗೆ ಮಾತ್ರೆ ಕೊಡುತ್ತಿದ್ದೆ. ಉಪ್ಪಿಟ್ಟಿನ ತಟ್ಟೆ ನೆಲಕ್ಕೆ ಬಿದ್ದ ಸದ್ದು. ತಿರುಗಿದರೆ ಅಕ್ಕ ಬಲ ಮೊಣಕಾಲನ್ನು ಎರಡೂ ಕೈಯಿಂದ ಹಿಡಿದುಕೊಂಡು ಚೀರುತ್ತಿದ್ದರು.

"ಅಯ್ಯಯ್ಯೋ ಕಾಲ! ಕಾಲ ಹಿಡೀತೋ ಯಪ್ಪಾ!"

ಅವರ ಯಜಮಾನರು ಆಗಲೇ ಮಂಚದ ಮೇಲೆ ಕೂತು ಮೀನಖಂಡವನ್ನು ಜೋರಾಗಿ ತಿಕ್ಕತೊಡಗಿದ್ದರು. "ನರ ಹಿಡದೈತಿ ಅಷ್ಟ, ಬಿಡತೈತಿ ತಡಿ. ಬ್ರದರ್, ಬಿಸಿನೀರಿನ ಚೀಲ ಐತೇನ್ರಿ? ಶಾಖ ಕೊಟ್ರ ಸರಿಹೋಗತೈತಿ."

"ತಿಕ್ಕಬೇಡಿ ಅಣ್ಣ! ಕೈ ತೆಗೀರಿ. ಶಾಖನೂ ಬೇಡ."

ಕಾಲನ್ನು ಮುಟ್ಟಿದೆ. ಮೊಣಕಾಲಿನ ಮೇಲೆ ಬೆಚ್ಚಗಿತ್ತು. ಕೆಳಗೆ ಇಳಿದಂತೆ ತಣ್ಣಗೆ, ಪಾದದ ಹತ್ತಿರ ಕಲ್ಲಿನಷ್ಟು ತಣ್ಣಗೆ. ಬಣ್ಣ ಮೇಣದಂತೆ ಬಿಳಚಿಕೊಳ್ಳುತ್ತಿತ್ತು. ಸ್ವಲ್ಪ ಹೊತ್ತಿನ ಹಿಂದೆ ನನ್ನ ಬೆರಳಿನ ಕೆಳಗೆ ಕುಣಿಯುತ್ತಿದ್ದ ನಾಡಿ ಎಲ್ಲಿಯೂ ಇಲ್ಲ. ಎಡಗಾಲು ಮುಟ್ಟಿದೆ, ಇದೆ. ಮತ್ತೆ ಬಲಗಾಲು. ಇಲ್ಲ.

ಗಂಟೆ ಒತ್ತಿ, ಡಾಪ್ಲರ್ ತರಲು ಕೂಗಿದೆ. ಅದು ಅಂಗೈಯಲ್ಲಿ ಹಿಡಿಯುವ ಯಂತ್ರ. ಚರ್ಮಕ್ಕೆ ಜೆಲ್ ಹಚ್ಚಿ ಅದರ ಕಡ್ಡಿಯನ್ನು ಇಟ್ಟರೆ ಒಳಗೆ ರಕ್ತ ಹರಿಯುವ ಸದ್ದು ಕೇಳಿಸುತ್ತದೆ. ಬೆರಳಿಗೆ ಸಿಗದ ನಾಡಿಯೂ ಅದಕ್ಕೆ ಸಿಗುವುದುಂಟು. ಎಡಪಾದದಲ್ಲಿ ಹುಶ್, ಹುಶ್ ಎಂದಿತು. ಬಲಪಾದದ ಬೆನ್ನ ಮೇಲೆ, ಗಂಟಿನ ಹಿಂದೆ, ಮೊಣಕಾಲ ಹಿಂದೆ ಹುಡುಕಿದೆ. ಬರೀ ಕರಕರ. ತೊಡೆಯ ಸಂದಿನಲ್ಲಿ ಮಾತ್ರ ದಪ್ಪನೆಯ ಬಡಿತ, ಬಾಗಿಲು ಗುದ್ದುತ್ತಿರುವವರ ಹಾಗೆ.

ಹೃದಯದಿಂದ ಕಿತ್ತು ಬಂದ ಹೆಪ್ಪು ತೊಡೆಯ ರಕ್ತನಾಳಕ್ಕೆ ಬಿರಡೆಯಾಗಿ ಕೂತಿತ್ತು.

ಇಂಥ ಹೊತ್ತಿನಲ್ಲಿ ನನ್ನ ಮೈಯಲ್ಲೊಂದು ಕರೆಂಟು ಓಡುತ್ತದೆ. ಹೆದರಿಕೆಯೂ ಇರುತ್ತದೆ, ಆದರೆ ಅದಕ್ಕಿಂತ ಹೆಚ್ಚಾಗಿ ಎಲ್ಲವೂ ಸ್ಪಷ್ಟವಾಗುತ್ತದೆ. ಯಾವ ಸಾಮಾನು ಎಲ್ಲಿದೆ, ಮೊದಲು ಏನು, ಆಮೇಲೆ ಏನು. ಹೃದ್ರೋಗ ತಜ್ಞರು ಮೆಟ್ಟಿಲಲ್ಲೇ ಓಡಿ ಬಂದರು. ಅವರು ಕಾಲು ಮುಟ್ಟಿ ನೋಡಿ, ಹಿಂದಿನ ಇಂಜೆಕ್ಷನ್ ಯಾವಾಗ ಕೊಟ್ಟದ್ದೆಂದು ನನ್ನಿಂದ ಕೇಳಿ, ಲೆಕ್ಕ ಹಾಕಿ ಹೆಪಾರಿನ್ ಡೋಸ್ ಹೇಳಿದರು. ಇದ್ದ ಹೆಪ್ಪು ಇನ್ನಷ್ಟು ಬೆಳೆಯದಂತೆ ತಡೆಯುವ ಔಷಧಿ ಅದು. ನಾನು ಅದನ್ನು ಕೈಯ ರಕ್ತನಾಳಕ್ಕೆ ಕೊಟ್ಟೆ. ನೋವಿಗೆ ಮಾರ್ಫಿನ್, ತೀರಾ ಸಣ್ಣ ಪ್ರಮಾಣದಲ್ಲಿ. ಕಾಲಿಗೆ ಹತ್ತಿಯ ಪದರ ಸುತ್ತಿ, ಮಂಚದ ಕಾಲಿನ ಕಡೆಯನ್ನು ಕೊಂಚ ತಗ್ಗಿಸಿದೆ. ತಲೆ ಮೇಲೆ, ಕಾಲು ಕೆಳಗೆ. ಅಷ್ಟಿಷ್ಟು ರಕ್ತ ಜಾರಿಯಾದರೂ ಹೋಗಲಿ ಎಂದು.

ಅಣ್ಣ ಇನ್ನೂ ಬಿಸಿನೀರಿನ ಚೀಲ ಹುಡುಕುತ್ತಲೇ ಇದ್ದರು. ಹೆಗಲ ಮೇಲೆ ಕೈಯಿಟ್ಟು ನಿಲ್ಲಿಸಿ ಹೇಳಿದೆ: "ಅಣ್ಣ, ಕಾಲಿಗೆ ರಕ್ತ ಹೋಗ್ತಿಲ್ಲ. ಶಾಖ ಕೊಟ್ರೆ ಆ ಬಿಸೀನ ಹೊತ್ಕೊಂಡು ಹೋಗೋಕೆ ಒಳಗೆ ರಕ್ತಾನೇ ಇಲ್ಲ. ಚರ್ಮ ಸುಟ್ಟುಹೋಗತ್ತೆ. ಅಕ್ಕಂಗೆ ಗೊತ್ತೂ ಆಗಲ್ಲ."

"ಹಂಗಾರ ನಾ ಏನ ಮಾಡ್ಲಿ?"

"ಅವರ ಕೈ ಹಿಡ್ಕೊಂಡು ತಲೆ ಹತ್ರ ನಿಂತ್ಕೊಳಿ. ಅವರು ಹೆದರಬಾರದು. ಅದು ದೊಡ್ಡ ಕೆಲಸ."

ನಿಜಕ್ಕೂ ದೊಡ್ಡ ಕೆಲಸವೇ. ಕಿರಿದಾದ ಕವಾಟವನ್ನು ದಾಟಲು ರಕ್ತಕ್ಕೆ ಸಮಯ ಬೇಕು. ನೋವಿಗೋ ಹೆದರಿಕೆಗೋ ಹೃದಯ ಓಡತೊಡಗಿದರೆ ಆ ಸಮಯ ಸಿಗದು. ರಕ್ತ ಹಿಂದಕ್ಕೆ ನಿಂತು ಶ್ವಾಸಕೋಶ ಮತ್ತೆ ನೆನೆಯುತ್ತದೆ. ನಾನು ಹೆದರಿದ್ದು ಅದಕ್ಕೇ, ಆದದ್ದೂ ಅದೇ. ಮಾನಿಟರಿನಲ್ಲಿ ಬಡಿತ ಏರುತ್ತ ಹೋಯಿತು, ಆಮ್ಲಜನಕ ಇಳಿಯುತ್ತ ಬಂತು. ಅಕ್ಕ ದಿಂಬು ತಳ್ಳಿ ಎದ್ದು ಕೂತರು.

"ಉಸುರ ಕಟ್ಟಾಕತ್ತೈತಿ ತಮ್ಮಾ..."

ಬೆಳಗಿನ ಎರಡು ದಿಂಬಿನ ಸಂಭ್ರಮ ಅಲ್ಲಿಗೆ ಮುಗಿಯಿತು. ಹೃದಯದ ಓಟ ತಗ್ಗಿಸುವ ಇಂಜೆಕ್ಷನ್, ನೀರು ಇಳಿಸುವ ಇಂಜೆಕ್ಷನ್, ಮುಖಕ್ಕೆ ಬಿಗಿಯಾಗಿ ಕೂರುವ, ಗಾಳಿಯನ್ನು ಒತ್ತಿ ಒಳಗೆ ಕಳಿಸುವ ಮಾಸ್ಕ್. ಮಾಸ್ಕಿನ ಪಟ್ಟಿಗಳನ್ನು ಬಿಗಿಯುತ್ತ ನಾನು ಅವರ ಕಿವಿಯಲ್ಲಿ, "ಗಾಳಿ ಜೊತೆ ಜಗಳ ಆಡ್ಬೇಡಿ ಅಕ್ಕ, ಅದು ತಳ್ಳಿದಾಗ ಒಳಗೆ ಬಿಡಿ," ಎನ್ನುತ್ತಿದ್ದೆ.

ಅತ್ತ ರಕ್ತನಾಳಗಳ ಸರ್ಜನ್ ಮೇಡಂ ಪದ್ಮನಾಭನಗರದ ಕ್ಲಿನಿಕ್ಕಿನಲ್ಲಿದ್ದರು. ಫೋನಿನಲ್ಲಿ ನಮ್ಮ ಮಾತು ಮುಗಿಯುವ ಮೊದಲೇ ಹೊರಟಿದ್ದರು. ರಕ್ತವಿಲ್ಲದ ಮಾಂಸಖಂಡ ಬಹಳ ಹೊತ್ತು ತಾಳುವುದಿಲ್ಲ, ಕೆಲವು ಗಂಟೆಗಳಷ್ಟೇ. ಬನಶಂಕರಿಯ ಟ್ರಾಫಿಕ್ಕಿನಲ್ಲಿ ಅವರ ಕಾರು ನಿಂತೇಬಿಟ್ಟಿತಂತೆ. ಕಾರನ್ನು ಡ್ರೈವರಿಗೆ ಬಿಟ್ಟು, ಮೆಟ್ರೋ ಸ್ಟೇಷನ್ನಿನ ಮೆಟ್ಟಿಲು ಹತ್ತಿ, ಜಯನಗರದಲ್ಲಿ ಇಳಿದು, ಅಲ್ಲಿಂದ ಆಟೋ ಹಿಡಿದು ಬಂದರು. ವಾರ್ಡಿನೊಳಗೆ ಕಾಲಿಟ್ಟಾಗ ಅವರಿಗೂ ಏದುಸಿರು.

"ಬೆರಳು ಆಡಿಸ್ತಾರಾ?" ಬಂದವರೇ ಕೇಳಿದರು.

"ಸ್ವಲ್ಪ ಆಡಿಸ್ತಾರೆ ಮೇಡಂ. ಸ್ಪರ್ಶ ಕಮ್ಮಿ ಆಗ್ತಿದೆ. ಆಗ ಹೆಬ್ಬೆರಳು ಮುಟ್ಟಿದ್ರೆ ಹೇಳ್ತಿದ್ರು, ಈಗ ಹೇಳ್ತಿಲ್ಲ."

ಅವರು ಪಾದವನ್ನು ಎರಡು ಕೈಯಲ್ಲಿ ಹಿಡಿದು, ಮೀನಖಂಡ ಒತ್ತಿ ನೋಡಿ, ತಲೆಯಾಡಿಸಿದರು. "ಮಸಲ್ ಇನ್ನೂ ಮೆತ್ತಗಿದೆ. ಉಳಿಸ್ಬಹುದು. ಆದ್ರೆ ಈಗ್ಲೇ ಒಳಗೆ ತಗೋಬೇಕು."

ಅಷ್ಟರಲ್ಲಿ ಅರಿವಳಿಕೆ ಡಾಕ್ಟರೂ ಬಂದಿದ್ದರು. ಮಂಚದ ಎರಡು ಬದಿಯಲ್ಲಿ ನಿಂತು ಅವರಿಬ್ಬರು ಮಾತಾಡಿದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ.

"ಪೂರ್ತಿ ಮಂಪರು ಕೊಡೋಕೆ ನನಗೆ ಧೈರ್ಯ ಇಲ್ಲ," ಎಂದರು ಅರಿವಳಿಕೆಯವರು. "ಈ ಕವಾಟ ಇಟ್ಕೊಂಡು, ಈ ಲಂಗ್ಸ್ ಇಟ್ಕೊಂಡು ಟೇಬಲ್ ಮೇಲೇನೇ ಕೈಕೊಟ್ರೆ? ಬೆನ್ನಿಗೂ ಇಂಜೆಕ್ಷನ್ ಕೊಡಂಗಿಲ್ಲ, ರಕ್ತ ತೆಳುವಾಗಿದೆ, ಅಲ್ಲಿ ಬ್ಲೀಡ್ ಆದ್ರೆ ಸೊಂಟದಿಂದ ಕೆಳಗೆ ಹೋಯ್ತು."

"ಹಾಗಾದ್ರೆ ಲೋಕಲ್. ತೊಡೆಸಂದಿಗೆ ಮಾತ್ರ ಮರಗಟ್ಟಿಸಿ ಮಾಡ್ತೀನಿ."

"ಲೋಕಲ್ ಅಂದ್ರೆ ಎಚ್ಚರವಾಗಿ, ಅಲ್ಲಾಡದೆ, ಫ್ಲಾಟಾಗಿ ಮಲಗ್ಬೇಕು. ಇವ್ರು ಕೂತಿದ್ದಾರೆ, ನೋಡಿ!"

ಅಲ್ಲಿ ಎಲ್ಲವೂ ಸಿಕ್ಕಿಹಾಕಿಕೊಂಡಿತು. ಕಾಲಿಗಾಗಿ ಮಲಗಬೇಕು, ಎದೆಗಾಗಿ ಕೂರಬೇಕು. ಕೂತರೆ ಹೊಟ್ಟೆಯ ಮಡಿಕೆ ತೊಡೆಸಂದಿಯನ್ನು ಮುಚ್ಚುತ್ತದೆ, ಸರ್ಜನ್ನಿಗೆ ಕೈ ಹಾಕಲು ಜಾಗವಿರದು. ಶ್ವಾಸಕೋಶ ಒಣಗುವವರೆಗೆ ಕಾದರೆ ಕಾಲು ಸಾಯುತ್ತದೆ. ಕಾಲು ಸತ್ತರೆ ಕತ್ತರಿಸಬೇಕು, ಅದಕ್ಕೂ ಮಲಗಿಸಲೇಬೇಕು.

ಸರ್ಜನ್ ಮೇಡಂ ನನ್ನ ಕಡೆ ತಿರುಗಿದರು. "ಬ್ರದರ್, ಇಷ್ಟು ದಿನ ನೀವೇ ನೋಡ್ಕೊಂಡಿದ್ದೀರಿ. ಇವ್ರು ಎಷ್ಟು ತಗ್ಗೋವರೆಗೂ ತಡೀತಾರೆ?"

ದಿಂಬು ಒಂದೊಂದಾಗಿ ಕಡಿಮೆಯಾದದ್ದನ್ನು ನಾನು ನೋಡಿದ್ದೆ. ಯಾವ ಓರೆಯಲ್ಲಿ ಅವರ ಹುಬ್ಬು ಗಂಟಿಕ್ಕುತ್ತದೆ, ಯಾವಾಗ ಬಾಯಿಂದ ಉಸಿರೆಳೆಯುತ್ತಾರೆ ಎಂಬುದು ನನಗೆ ಗೊತ್ತಿತ್ತು. ಆದರೆ ಅದು ಚೆನ್ನಾಗಿದ್ದ ದಿನಗಳ ಮಾತು. "ಊಹೆ ಮೇಲೆ ಹೇಳಲ್ಲ ಮೇಡಂ. ಈ ಮಂಚ ಪೂರ್ತಿಯಾಗಿ ಓರೆಯಾಗತ್ತೆ. ಬೆನ್ನು, ಸೊಂಟ, ಕಾಲು ಒಂದೇ ನೇರಕ್ಕೆ ಇಟ್ಟು, ತಲೆ ಮೇಲೆ ಕಾಲು ಕೆಳಗೆ ಮಾಡಿ ಇಲ್ಲೇ ನೋಡೋಣ. ಮಕ್ಕಳ ಜಾರುಬಂಡೆ ಥರ. ಆಗ ಸೊಂಟ ಮಡಿಚಲ್ಲ, ಎದೆಗೂ ಭಾರ ಬೀಳಲ್ಲ."

ಅರಿವಳಿಕೆ ಡಾಕ್ಟರ ಕಣ್ಣು ಅರಳಿತು. "ಕೆಳಗೆ ಜಾರ್ತಾರಲ್ಲ?"

"ಕಾಲ ಕೆಳಗೆ ಹಲಗೆ ಕೊಡ್ಬೇಕು," ಎಂದರು ಮೇಡಂ. ಕೂಡಲೇ ತಾವೇ ತಡೆದರು. "ಅಲ್ಲ, ಬಲಪಾದ ಹಲಗೆಗೆ ತಾಗಂಗಿಲ್ಲ. ಒತ್ತಡ ಬಿದ್ರೆ ಇರೋ ಚರ್ಮಾನೂ ಹೋಗತ್ತೆ."

"ಎಡಗಾಲಿಗೆ ಮಾತ್ರ ಹಲಗೆ, ಮೆತ್ತೆ ಹಾಕಿ," ಎಂದೆ. "ಪೃಷ್ಠದ ಕೆಳಗೆ ಬೆಡ್‌ಶೀಟ್ ಸುತ್ತಿ ಒಂದು ದಿಂಡು ಕೊಡೋಣ. ಎದೆಗೆ ಬೇಡ, ಸೊಂಟಕ್ಕೆ ಪಟ್ಟಿ."

ಮೂವರೂ ಒಟ್ಟಿಗೆ ಕೈಹಾಕಿದೆವು. ಬೆಡ್‌ಶೀಟು ಸುತ್ತಿ ದಿಂಡು ಮಾಡಿದ್ದು ಮೇಡಂ. ಮಂಚದ ರಿಮೋಟು ಅರಿವಳಿಕೆಯವರ ಕೈಯಲ್ಲಿ. ನಾನು ಅಕ್ಕನ ತಲೆಯ ಬಳಿ ಮಂಡಿಯೂರಿದೆ.

"ಅಕ್ಕ, ಸ್ವಲ್ಪ ಸ್ವಲ್ಪವಾಗಿ ಒರಗಿಸ್ತೀವಿ. ತಡೆಯಕ್ಕೆ ಆಗಲ್ಲ ಅನ್ನಿಸಿದ ತಕ್ಷಣ ಕೈ ಎತ್ತಿ. ನಿಲ್ಲಿಸ್ತೀವಿ. ಮೋಸ ಮಾಡಲ್ಲ."

ಮಂಚ ಗುಂಯ್‌ಗುಟ್ಟಿತು. ಒಂದಿಷ್ಟು ಇಳಿದು ನಿಂತಿತು. ಮತ್ತೊಂದಿಷ್ಟು. ಅಕ್ಕ ನನ್ನನ್ನೇ ನೋಡುತ್ತಿದ್ದರು, ನಾನು ಅವರ ಹುಬ್ಬನ್ನು. ಇನ್ನೂ ಒಂದಿಷ್ಟು ಇಳಿದಾಗ ಕೈ ಸರಕ್ಕನೆ ಮೇಲೆದ್ದಿತು. ಒಂದು ಮಟ್ಟ ಮೇಲೆ ತಂದೆವು. ಕೈ ಇಳಿಯಿತು. ಕಾದೆವು. ಆಮ್ಲಜನಕ ಇಳಿಯಲಿಲ್ಲ. ಬಡಿತ ಏರಲಿಲ್ಲ.

ಮೇಡಂ ತೊಡೆಸಂದಿ ನೋಡಿ, ಬೆರಳಿಂದ ಗೆರೆ ಎಳೆದರು. "ಸಾಕು. ಇಷ್ಟು ಜಾಗ ನನಗೆ ಸಾಕು." ಆಮೇಲೆ ನನ್ನನ್ನು ನೇರವಾಗಿ ಕೇಳಿದರು: "ಆಪರೇಷನ್ ಮುಗಿಯೋವರೆಗೂ ಹೀಗೇ ಇರ್ತಾರಾ? ಮಧ್ಯದಲ್ಲಿ ಎದ್ದು ಕೂತ್ರೆ ನನ್ನ ಕೈಯಲ್ಲಿ ರಕ್ತನಾಳ ತೆರೆದಿರತ್ತೆ."

ಹೌದು ಎಂದರೆ ಜವಾಬ್ದಾರಿ ನನ್ನದು. ಇಲ್ಲ ಎಂದರೆ ಕಾಲು ಹೋಗುತ್ತದೆ. ಅಕ್ಕನ ಮುಖ ನೋಡಿದೆ.

"ಅಕ್ಕ, ಹೀಗೇ ಇರ್ತೀರಾ? ನಾನು ಪಕ್ಕದಲ್ಲೇ ಇರ್ತೀನಿ."

ಮಾಸ್ಕಿನೊಳಗಿಂದ ದನಿ ಬಂತು. "ನೀ ಇದ್ರ ಇರತೀನಿ. ಕಾಲ ಬೇಕಪಾ ನನಗ. ಒಲಿ ಮುಂದ ನಿಂದ್ರಬೇಕು."

"ಇರ್ತಾರೆ ಮೇಡಂ," ಎಂದೆ.

"ನೀವೂ ಒಳಗೆ ಬರ್ತಿದ್ದೀರಿ ಹಾಗಾದ್ರೆ," ಎಂದರು ಅರಿವಳಿಕೆ ಡಾಕ್ಟರು. ವಾರ್ಡಿನ ನರ್ಸುಗಳು ಆಪರೇಷನ್ ಥಿಯೇಟರಿಗೆ ಹೋಗುವುದು ವಾಡಿಕೆಯಲ್ಲ. ನಮ್ಮ ಇನ್‌ಚಾರ್ಜ್ ಸಿಸ್ಟರ್ ಕಡೆ ನೋಡಿದೆ. ಅವರು ಆಗಲೇ ನನ್ನ ಮಾತ್ರೆಯ ಟ್ರಾಲಿಯನ್ನು ತಮ್ಮ ಕಡೆ ಎಳೆದುಕೊಂಡಿದ್ದರು. "ನಿನ್ನ ಪೇಷಂಟ್‌ಗಳನ್ನ ನಾನ್ ನೋಡ್ಕೋತೀನಿ. ನಿಂತ್ಕೊಂಡು ಏನ್ ನೋಡ್ತಿದ್ದೀಯಾ, ಹೋಗು!"

ಥಿಯೇಟರಿನ ಮೇಜನ್ನು ವಾರ್ಡಿನಲ್ಲಿ ಕಂಡುಕೊಂಡ ಅದೇ ಓರೆಗೆ ತಂದೆವು. ದಿಂಡು, ಎಡಪಾದಕ್ಕೆ ಮೆತ್ತೆಯ ಹಲಗೆ, ಸೊಂಟದ ಪಟ್ಟಿ. ಬಲಪಾದ ಹತ್ತಿಯಲ್ಲಿ ತೇಲುವಂತೆ. ಹಸಿರು ಬಟ್ಟೆಯ ಪರದೆ ಎದ್ದಿತು. ಅದರ ಆಚೆ ಮೇಡಂ, ಈಚೆ ನಾನು, ಅಕ್ಕ, ಅರಿವಳಿಕೆ ಡಾಕ್ಟರು. ಮರಗಟ್ಟಿಸುವ ಸೂಜಿ ಚುಚ್ಚಿದಾಗ ಅಕ್ಕ ನನ್ನ ಅಂಗೈಯನ್ನು ಹಿಂಡಿದರು. ಉಸಿರು ಚಿಕ್ಕಚಿಕ್ಕದಾಗಿ ಓಡತೊಡಗಿತು. ಮಾನಿಟರಿನಲ್ಲಿ ಬಡಿತ ಮೇಲಕ್ಕೆ ಹೊರಟಿತು.

ನಿಧಾನ, ನಿಧಾನ ಎಂದು ನಾನು ಹೇಳಿದ್ದು ನಾಟಲಿಲ್ಲ. ಹೆದರಿದವರಿಗೆ ನಿಧಾನ ಎನ್ನುವುದು ಬರೀ ಶಬ್ದ. ಅವರ ಕೈಗೆ ಒಂದು ಕೆಲಸ ಬೇಕಿತ್ತು.

"ಅಕ್ಕ, ರೊಟ್ಟಿ ತಟ್ಟೋದು ಹೇಗೆ? ನನಗೆ ಹೇಳ್ಕೊಡಿ."

ಅವರು ಕಣ್ಣು ಬಿಟ್ಟರು. "ತಟ್ಟೂದಲ್ಲೋ... ಬಡಿಯೂದು!"

"ಸರಿ, ಬಡಿಯೋದು. ಇಗೋ ನನ್ನ ಅಂಗೈ. ಬಡೀರಿ. ಅವಸರ ಮಾಡಿದ್ರೆ ರೊಟ್ಟಿ ಹರಿಯತ್ತೆ ತಾನೇ?"

"ಹರೀತೈತಿ ಮತ್ತ."

ಅಂಗೈ ಚಾಚಿದೆ. ಅಕ್ಕ ಅದರ ಮೇಲೆ ಬಡಿಯತೊಡಗಿದರು. ಮೊದಲು ತಡಬಡ, ಆಮೇಲೆ ಹದಕ್ಕೆ ಬಂತು. ಬಡಿದು, ಕೊಂಚ ತಿರುಗಿಸಿ, ಮತ್ತೆ ಬಡಿದು. ವರ್ಷಗಟ್ಟಲೆ ಮಾಡಿದ ಕೈ ಅದು, ತನ್ನ ಲಯ ತನಗೆ ಗೊತ್ತು. ತಿರುಗಿಸುವಾಗ ಉಸಿರು ಒಳಗೆ, ಬಡಿಯುವಾಗ ಉದ್ದಕ್ಕೆ ಹೊರಗೆ. ನಾನು ಹೇಳಿಕೊಡಲೇ ಇಲ್ಲ, ಉಸಿರು ತಾನಾಗಿ ಕೈಯ ಹಿಂದೆ ಬಂತು. ಮಾನಿಟರಿನ ಬಡಿತ ಇಳಿಯಿತು. ಅರಿವಳಿಕೆ ಡಾಕ್ಟರು ಮಾನಿಟರನ್ನು ನೋಡಿ, ನಮ್ಮ ಕೈಗಳನ್ನು ನೋಡಿ, ಹೆಬ್ಬೆರಳೆತ್ತಿದರು.

ಪರದೆಯ ಆಚೆ ಮೇಡಂ ರಕ್ತನಾಳವನ್ನು ಹುಡುಕಿ, ಪಟ್ಟಿ ಹಾಕಿ, ಸಣ್ಣದಾಗಿ ಸೀಳಿದರು. ತಾವು ಮಾಡುವುದನ್ನು ಗಟ್ಟಿಯಾಗಿ ಹೇಳುತ್ತ ಹೋಗುವುದು ಅವರ ಅಭ್ಯಾಸ. ಅಕ್ಕಿಕಾಳಿನಷ್ಟು ಚಿಕ್ಕ ಬಲೂನು ತುದಿಯಲ್ಲಿರುವ ತೆಳು ನಳಿಕೆಯನ್ನು ಹೆಪ್ಪಿನ ಒಳಗಿಂದ ಆಚೆಗೆ ದಾಟಿಸಿ, ಅಲ್ಲಿ ಬಲೂನು ಉಬ್ಬಿಸಿ, ಹಿಂದಕ್ಕೆ ಎಳೆಯಬೇಕು. ಹೆಪ್ಪು ಅದರ ಮುಂದೆ ತಳ್ಳಿಸಿಕೊಂಡು ಹೊರಬರುತ್ತದೆ.

"ಹೋಗ್ತಿದೆ... ಹೋಗ್ತಿದೆ... ಮಂಡಿ ಹತ್ರ ತಡೀತು." ಕೊಂಚ ತಿರುಗಿಸಿ ಮತ್ತೆ ತಳ್ಳಿದರು. "ದಾಟ್ತಿಲ್ಲ."

ಎಳೆದರು. ಒಂದಿಷ್ಟು ತುಣುಕು ಬಂತು. ಡಾಪ್ಲರ್ ಇಟ್ಟು ನೋಡಿದರು, ಪಾದ ಇನ್ನೂ ಮೂಕ. ಮೇಡಂ ಇನ್ನೂ ಸಣ್ಣ ನಳಿಕೆ ಕೇಳಿದರು. ಅಕ್ಕನ ಕೈ ನಿಂತಿತು.

"ಏನಾತು?"

"ಒಂದು ರೊಟ್ಟಿ ಆಯ್ತು ಅಕ್ಕ. ಇನ್ನೊಂದು ಹಿಟ್ಟಿನುಂಡೆ ತಗೊಳಿ."

ಕೈ ಮತ್ತೆ ಶುರುವಾಯಿತು. ಸಣ್ಣ ನಳಿಕೆ ಮಂಡಿ ದಾಟಿತು. "ಹೋಯ್ತು! ಹೋಯ್ತು!" ಎಂದು ಮೇಡಂ ಕೂಗಿದರು. ಉಬ್ಬಿಸಿ, ಒಂದೇ ಸಮನೆ, ಉಸಿರು ಬಿಗಿಹಿಡಿದು ಎಳೆದರು. ಪರದೆಯ ಮೇಲಿಂದ ಇಣುಕಿದ ನನಗೆ ಅದು ಕಂಡಿತು. ಕಪ್ಪುಗೆಂಪು ಬಣ್ಣದ, ಬೆರಳುದ್ದಕ್ಕಿಂತ ಉದ್ದದ, ಬಾಲದ ಕಡೆ ಕವಲೊಡೆದ ಹೆಪ್ಪು. ರಕ್ತನಾಳದ ಅಚ್ಚೇ ಎದ್ದು ಬಂದ ಹಾಗಿತ್ತು. ಅದರ ಬೆನ್ನಿಗೇ ಕೆಳಗಿನಿಂದ ರಕ್ತ ಹಿಂದಕ್ಕೆ ಚಿಮ್ಮಿತು.

ಆದರೆ ಆಗಲೇ ಅತಿ ಎಚ್ಚರದ ಹೊತ್ತು. ಹಸಿದ ಕಾಲಿನಲ್ಲಿ ಅಷ್ಟು ಹೊತ್ತು ಕೂಡಿದ್ದ ಕೆಟ್ಟ ರಕ್ತ ಒಮ್ಮೆಲೇ ಹೃದಯಕ್ಕೆ ನುಗ್ಗಿದರೆ ಬಡಿತ ನಿಂತರೂ ನಿಲ್ಲಬಹುದು. ಮೇಡಂ ಹೊಲಿಗೆ ಹಾಕಿ, ರಕ್ತನಾಳಕ್ಕೆ ಹಾಕಿದ್ದ ಪಟ್ಟಿಯನ್ನು ಸಡಿಲಿಸಿ, ಮತ್ತೆ ಬಿಗಿದು, ಮತ್ತೆ ಸಡಿಲಿಸಿದರು. ಮಾನಿಟರಿನಲ್ಲಿ ಬಡಿತದ ಗೆರೆಗಳು ಅಗಲವಾದವು. ಒಂದು, ಇನ್ನೊಂದು. ಅರಿವಳಿಕೆ ಡಾಕ್ಟರ ಕೈಯಲ್ಲಿದ್ದ ಸಿರಿಂಜು ಖಾಲಿಯಾಯಿತು. ನಾನು ನನ್ನ ಅಂಗೈ ಮೇಲೆ ಬೀಳುತ್ತಿದ್ದ ಏಟುಗಳನ್ನು ಹಿಡಿದುಕೊಂಡು ನಿಂತಿದ್ದೆ. ಗೆರೆಗಳು ಕಿರಿದಾದವು. ಹಳೆಯ, ಲಯ ತಪ್ಪಿದ, ನಮಗೆ ಪರಿಚಯವಿದ್ದ ಬಡಿತ ಮರಳಿತು.

"ಡಾಪ್ಲರ್," ಎಂದರು ಮೇಡಂ.

ಹುಶ್.

ಆಮೇಲೆ ಇನ್ನೊಂದು. ಹುಶ್, ಹುಶ್. ಜೋರಾಗಿ, ಥಿಯೇಟರು ತುಂಬುವಷ್ಟು ಜೋರಾಗಿ. ಯಾರೋ ಚಪ್ಪಾಳೆ ತಟ್ಟಿದರು. ಮೇಡಂ ಮಾಸ್ಕಿನೊಳಗೇ, "ಸಖತ್!" ಎಂದರು. ನನ್ನ ಕಾಲುಗಳು ಕುಣಿಯುವುದೊಂದು ಬಾಕಿ.

ಅಂಥ ಹೊತ್ತಿನಲ್ಲಿ ಕೆಲಸ ಮುಗಿಯಿತು ಎನ್ನಿಸುತ್ತದೆ. ನರ್ಸಿಗೆ ಶುರುವಾಗುವುದು ಆಗಲೇ. ರಕ್ತ ಮರಳಿದ ಕಾಲು ಊದಿಕೊಳ್ಳುತ್ತದೆ. ಮಾಂಸಖಂಡವನ್ನು ಸುತ್ತಿದ ಗಟ್ಟಿ ಪೊರೆ ಹಿಗ್ಗದಿದ್ದರೆ ಒಳಗೇ ಒತ್ತಡ ಹೆಚ್ಚಿ ಮತ್ತೆ ರಕ್ತ ನಿಲ್ಲುತ್ತದೆ. ಆಗ ಮೀನಖಂಡವನ್ನು ಉದ್ದಕ್ಕೆ ಸೀಳಬೇಕಾಗುತ್ತದೆ. ಹಾಗಾಗಿ ಮೀನಖಂಡದ ಮೇಲೆ ಪೆನ್ನಿನಲ್ಲಿ ಗೆರೆ ಎಳೆದು ಟೇಪಿನಿಂದ ಸುತ್ತಳತೆ ನೋಡುತ್ತ ಕೂತೆ. ಹೆಬ್ಬೆರಳನ್ನು ಮೆಲ್ಲಗೆ ಮೇಲಕ್ಕೆ ಬಾಗಿಸಿ, ನೋವು ಹೆಚ್ಚಿತೇ ಎಂದು ಅವರ ಮುಖ ನೋಡುತ್ತಿದ್ದೆ. ಪಾಳಿ ಮುಗಿದರೂ ನನಗೆ ಏಳಲು ಮನಸ್ಸಿರಲಿಲ್ಲ.

ಸಂಜೆಯ ಹೊತ್ತಿಗೆ ಮೂತ್ರದ ಚೀಲಕ್ಕೆ ಬಂದದ್ದು ಹಾಲಿಲ್ಲದ ಚಹಾದ ಬಣ್ಣ. ಕಾಲಿನ ಸತ್ತ ಕಣಗಳು ಮೂತ್ರಪಿಂಡಕ್ಕೆ ಬರುತ್ತಿವೆ, ಅವನ್ನು ತೊಳೆಯಲು ನೀರು ಬೇಕು. ಆದರೆ ನೀರು ಕೊಟ್ಟರೆ ಶ್ವಾಸಕೋಶಕ್ಕೆ! ಹೃದ್ರೋಗ ತಜ್ಞರು ಡ್ರಿಪ್ಪನ್ನು ಚಮಚದ ಲೆಕ್ಕದಲ್ಲಿ ಏರಿಸಿದರು. ನಾನು ಅಕ್ಕನ ಬೆನ್ನ ಕೆಳಭಾಗಕ್ಕೆ ಸ್ಟೆತಾಸ್ಕೋಪು ಇಟ್ಟು, ಚಿಟಪಟ ಸದ್ದು ಮೇಲಕ್ಕೆ ಹತ್ತುತ್ತಿದೆಯೇ ಎಂದು ಕೇಳುತ್ತ, ಚೀಲದ ಬಣ್ಣ ನೋಡುತ್ತ, ಅವರಿಗೆ ಹೇಳುತ್ತಿದ್ದೆ. ಇನ್ನೊಂದು ಚೂರು ತಡೆಯುತ್ತಾರೆ ಸಾರ್. ಸಾಕು ಸಾರ್, ಸದ್ದು ಬಂತು. ಹಗ್ಗದ ಮೇಲೆ ಇಬ್ಬರು ಒಂದೇ ಕೋಲು ಹಿಡಿದು ನಡೆದ ಹಾಗೆ. ಮೀನಖಂಡ ಬಿಗಿದುಕೊಂಡಿತು. ಮೇಡಂ ಬಂದು ಒತ್ತಿ ನೋಡಿ, "ಇನ್ನೊಂದ್ ಸ್ವಲ್ಪ ಬಿಗಿಯಾದ್ರೆ ಸೀಳ್ತೀನಿ," ಎಂದು ಅಲ್ಲೇ ಕುರ್ಚಿ ಎಳೆದುಕೊಂಡು ಕೂತರು. ಬಿಗಿತ ಅಲ್ಲಿಗೇ ನಿಂತಿತು.

ಮರುದಿನ ಬೆಳಿಗ್ಗೆ ನಾನು ಬರುವಷ್ಟರಲ್ಲಿ ಮೂತ್ರದ ಬಣ್ಣ ತಿಳಿಯಾಗಿತ್ತು. ಮೀನಖಂಡ ಮೆತ್ತಗಾಗಿತ್ತು. ಪಾದ ಗುಲಾಬಿ ಬಣ್ಣಕ್ಕೆ ತಿರುಗಿ ಬೆಚ್ಚಗಿತ್ತು, ನಾಡಿ ಬೆರಳಿಗೇ ಸಿಕ್ಕಿತು.

ಆದರೆ ಅಕ್ಕನ ಮುಖದಲ್ಲಿ ನಗುವಿರಲಿಲ್ಲ. "ಕಾಲ ಐತಿ, ಆದ್ರ ನಂದಲ್ಲ ಅನಸತೈತಿ ತಮ್ಮಾ. ಮುಟ್ಟಿದ್ದು ತಿಳೀವಲ್ದು. ಪಾದ ಎತ್ತಾಕ ಬರವಲ್ದು."

ರಕ್ತವಿಲ್ಲದೆ ಮೊದಲು ಸೊರಗುವುದು ನರ. ಚೇತರಿಸಿಕೊಳ್ಳುವುದರಲ್ಲೂ ಅದೇ ಕೊನೆ. ಮರಳಬಹುದು, ಮರಳದಿರಲೂಬಹುದು. ಮೇಡಂ ಅದನ್ನು ಮುಚ್ಚಿಡದೆ ಹೇಳಿದರು. ಅಕ್ಕ ಗೋಡೆಯ ಕಡೆ ಮುಖ ಮಾಡಿ ಸ್ವಲ್ಪ ಹೊತ್ತು ಅತ್ತರು. ಅಣ್ಣ ನನ್ನನ್ನು ವರಾಂಡಕ್ಕೆ ಕರೆದು, "ಕುಂತ ರೊಟ್ಟಿ ಮಾಡೂ ಹಂಗ ಒಲಿ ಕಟ್ಟತೀನಿ, ನೀವ ಆಕಿಗೆ ಹೇಳ್ರಿ," ಎಂದರು. ನೀವೇ ಹೇಳಿ ಅಣ್ಣ, ನಿಮ್ಮ ಬಾಯಿಂದ ಕೇಳಿದರೆ ಬೇರೆ ಎಂದೆ. ಅವರು ಹೇಳಿದರೋ ಇಲ್ಲವೋ ತಿಳಿಯದು.

ಮುಂದಿನ ದಿನಗಳಲ್ಲಿ ನನ್ನ ಕೆಲಸ ಕಾವಲಿನದಾಯಿತು. ಅರಿವಿಲ್ಲದ ಪಾದಕ್ಕೆ ಹಾಸಿಗೆಯ ಮಡಿಕೆಯೂ ಶತ್ರು. ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ದಿಂಬು. ಪಾದ ಜೋಲದಂತೆ ಪಟ್ಟಿ. ಬೆರಳ ಸಂದುಗಳನ್ನು ಒರೆಸಿ ಒಣಗಿಸುವುದು. ದಿನವೂ ಬೆರಳುಗಳನ್ನು ನಾನು ಮೇಲೆ ಕೆಳಗೆ ಆಡಿಸುವಾಗ ಅಕ್ಕ ತಾವೇ ಆಡಿಸುತ್ತಿರುವಂತೆ ಮನಸ್ಸಿನಲ್ಲಿ ಪ್ರಯತ್ನ ಮಾಡಬೇಕು. ಉಸಿರು ಸುಧಾರಿಸುತ್ತ ಬಂತು. ಒಂದು ದಿನ ಹೆಬ್ಬೆರಳು ನನ್ನ ಕೈಯಲ್ಲಿ ತಾನಾಗಿ ಮಿಸುಕಿತೋ ಎನ್ನಿಸಿತು. ಭ್ರಮೆಯಿರಬಹುದೆಂದು ಯಾರಿಗೂ ಹೇಳಲಿಲ್ಲ. ಮರುದಿನ ಅಣ್ಣನೇ ಕೂಗಿದರು: "ಅಲ್ಲಾಡಿತ್ರೀ! ನಾ ಕಂಡೆ!"

ಆಮೇಲೆ ನಿಲ್ಲಿಸುವ ದಿನ ಬಂತು. ಫಿಸಿಯೋಥೆರಪಿ ಮೇಡಂ ಒಂದು ಕಡೆ, ನಾನೊಂದು ಕಡೆ. ಪರದೆ ಸರಿಸಿ ಬೆಳಕು ಬಿಟ್ಟಿದ್ದೆವು. ಪಟ್ಟಿ ಬಿಚ್ಚಿ, ಚಪ್ಪಲಿ ತೊಡಿಸುವ ಮೊದಲು ಪಾದವನ್ನು ನೋಡಲೆಂದು ನಾನು ಬಗ್ಗಿದ್ದೆ. ಅಷ್ಟರಲ್ಲಿ ಅಕ್ಕ ಕಾಯದೆ ಮಂಚದ ಅಂಚಿಗೆ ಜಾರಿ, ಬರಿಗಾಲನ್ನು ನೆಲಕ್ಕೆ ಊರಿಬಿಟ್ಟರು.

"ಅಕ್ಕ, ತಡೀರಿ, ಚಪ್ಪಲಿ—"

ಅವರು ನನ್ನ ಭುಜ ಹಿಡಿದು ಅಲ್ಲಾಡದೆ ನಿಂತಿದ್ದರು. ಕಣ್ಣುಗಳು ಅಗಲವಾಗಿದ್ದವು. ಬಲಪಾದದ ಬೆರಳುಗಳು ಮೆಲ್ಲನೆ ಮಡಿಚಿಕೊಂಡವು.

"ತಮ್ಮಾ," ಎಂದರು ಅಕ್ಕ, "ನೆಲ ತಣ್ಣಗ ಐತಿ!"